ಸಾಲ್ಮನ್ ಬೌಲ್ ಬಂತು, ಮೀನು ಬೆಂದಿದೆಯಾ?

ಬಸುರಿಯರಿಗೆ ಮಾವಿನಕಾಯಿ, ಹುಣಸೆಹಣ್ಣಿನ ಬಯಕೆ ಅಂತ ಕೇಳಿದ್ದೆ. ನನ್ನ ಹೆಂಡತಿಗೆ ಐದನೇ ತಿಂಗಳಲ್ಲಿ ಶುರುವಾಗಿದ್ದು ಸಾಲ್ಮನ್ ರೈಸ್ ಬೌಲ್ ಬಯಕೆ. ಕಾರಣ ರೀಲ್ಸ್. 2021ರಲ್ಲಿ ಅಮೆರಿಕದ ಎಮಿಲಿ ಮರಿಕೊ ಟಿಕ್‌ಟಾಕ್‌ನಲ್ಲಿ ಉಳಿದ ಸಾಲ್ಮನ್ ಪುಡಿ ಮಾಡಿ, ಮೇಲೆ ಅನ್ನ ಹಾಕಿ, ಒಂದು ಐಸ್ ತುಂಡಿಟ್ಟು ಮೈಕ್ರೋವೇವ್ ಮಾಡಿ, ಸೋಯಾ ಸಾಸ್, ಶ್ರೀರಾಚಾ, ಮೇಯೊನೀಸ್ ಸುರಿದು ತಿಂದಿದ್ದರು. ಅದರ ಮರಿ, ಮೊಮ್ಮರಿ ವಿಡಿಯೊಗಳು ಇನ್ನೂ ಓಡಾಡ್ತಾನೇ ಇವೆ.

ಡಾಕ್ಟರ್ ಹೇಳಿದ್ದು ಇಷ್ಟೇ: ಮೀನು ತಿನ್ನಿ, ಹಸಿ ಮೀನು ಬೇಡ. ಸಾಲ್ಮನ್‌ನಲ್ಲಿ ಪಾದರಸ ಕಡಿಮೆ, ಒಮೆಗಾ–3 ಜಾಸ್ತಿ. ಅಮೆರಿಕದ ಎಫ್‌ಡಿಎ ಗರ್ಭಿಣಿಯರಿಗೆ ವಾರಕ್ಕೆ ಸುಮಾರು 225ರಿಂದ 340 ಗ್ರಾಂ ತಿನ್ನಬಹುದು ಅನ್ನುವ ಮೀನುಗಳ ಪಟ್ಟಿಯಲ್ಲಿ ಇದೂ ಇದೆ. ಸರಿ, ಬೆಂಗಳೂರಿನಲ್ಲಿ ಒಂದು ತಿಂಗಳು ವಾರಕ್ಕೊಂದು ಬೌಲ್ ತರಿಸಿ ನೋಡಿದೆವು.

ಆ್ಯಪ್‌ನಲ್ಲಿ ಎಲ್ಲಕ್ಕೂ ಹೆಸರು ‘ಸಾಲ್ಮನ್ ಬೌಲ್’. ಬೆಂದಿದೆಯೋ ಹಸಿಯೋ ಅಂತ ಬರೆಯೋರು ಕಮ್ಮಿ. ಮೊದಲು ಬಂದಿದ್ದು ಪೋಕೆ. ಅದು ಹವಾಯಿಯ ತಿಂಡಿ, ಆ ಪದದ ಅರ್ಥವೇ ಅಡ್ಡಡ್ಡ ಕತ್ತರಿಸುವುದು. ಹಸಿ ಮೀನಿನ ತುಂಡು, ಎಳ್ಳೆಣ್ಣೆ, ಸೋಯಾ. ಅವಳು ಸೌತೆಕಾಯಿ ಮತ್ತು ಅನ್ನ ತಿಂದಳು, ಮೀನು ನನಗೆ. ಅವಳೆದುರು ಹೇಳಲಿಲ್ಲ, ಆದರೆ ನಾಲ್ಕರಲ್ಲಿ ರುಚಿಗೆ ಅದೇ ಫಸ್ಟ್!

ಎರಡನೆಯದು ತೆರಿಯಾಕಿ. ಮೀನು ಚೆನ್ನಾಗಿ ಬೆಂದಿತ್ತು, ಸಾಸ್ ಮಾತ್ರ ಜಾಮೂನು ಪಾಕದಷ್ಟು ಸಿಹಿ. ಕೆಳಗೆ ಬಾಸ್ಮತಿ! ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಹಾಗಾಗಿ ಅನ್ನ ಅಂಟಂಟಾಗಿ ಚಾಪ್‌ಸ್ಟಿಕ್‌ಗೆ ಕೂರುತ್ತೆ. ಬಾಸ್ಮತಿ ಉದುರುದುರು. ಚಮಚ ಹುಡುಕಿಕೊಂಡು ತಿಂದೆವು.

ಮೂರನೆಯದು ಹುಷಾರಾಗಿರಬೇಕಾದ್ದು. ‘ಸ್ಮೋಕ್ಡ್’ ಅಂದರೆ ಹೊಗೆಯಲ್ಲಿ ಬೆಂದಿರುತ್ತೆ ಅಂತ ಅನ್ಸುತ್ತೆ ಅಲ್ವಾ? ತೆಳುವಾಗಿ, ರೇಷ್ಮೆಯ ಹಾಗೆ ಹೊಳೆಯುತ್ತಾ ಬರುವ ಸ್ಮೋಕ್ಡ್ ಸಾಲ್ಮನ್‌ಗೆ ಸಾಮಾನ್ಯವಾಗಿ ತಣ್ಣನೆಯ ಹೊಗೆ ಕೊಟ್ಟಿರುತ್ತಾರೆ, ಅದು ಬೆಂದಿರುವುದಿಲ್ಲ. ‘ಫ್ರೀಜ್ ಮಾಡಿರ್ತಾರಲ್ಲ’ ಅಂದ ಫ್ರೆಂಡ್. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಮೀನಿನೊಳಗಿನ ಹುಳು ಸಾಯುತ್ತೆ, ನಿಜ. ಲಿಸ್ಟೀರಿಯಾ ಬ್ಯಾಕ್ಟೀರಿಯಾ ಸಾಯಲ್ಲ, ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತೆ. ಬಸುರಿಯರಿಗೆ ಭಯ ಇರೋದು ಅದರದ್ದೇ. ಅವತ್ತು ಅವಳಿಗೆ ಮೊಸರನ್ನ ಕಲಸಿಕೊಟ್ಟೆ. ಮುಖ ನೋಡಬೇಕಿತ್ತು.

ನಾಲ್ಕನೇ ಸಲ ಆರ್ಡರ್ ಮಾಡೋ ಮೊದಲೇ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದು, ‘ಸರ್, ಸಿಯರ್ಡ್ ಅಂದ್ರೆ ಮೇಲೆ ಮಾತ್ರ ಸುಟ್ಟಿರ್ತೀವಿ, ಒಳಗೆ ಹಸಿನೇ. ಫುಲ್ ಕುಕ್ ಮಾಡ್ಸಿ ಕೊಡ್ಲಾ?’ ಅಂದ. ಇಡೀ ತಿಂಗಳಲ್ಲಿ ಸಿಕ್ಕ ಅತ್ಯುತ್ತಮ ಕಸ್ಟಮರ್ ಸರ್ವೀಸ್. ಅನ್ನ, ಮೀನು, ಸಾಸ್ ಮೂರೂ ಬೇರೆ ಬೇರೆ ಡಬ್ಬಿಯಲ್ಲಿ ಬಂತು. ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳೋಕಾಗಲ್ಲ. ಸಾಕಿದ ಸಾಲ್ಮನ್‌ನ ಕೇಸರಿ ಬಣ್ಣವೇ ಮೇವಿಗೆ ಸೇರಿಸುವ ಆಸ್ಟಾಕ್ಸಾಂಥಿನ್‌ನಿಂದ ಬರೋದು, ಬೆಂದ ಮೇಲೂ ಉಳಿಯುತ್ತೆ. ಫೋರ್ಕ್ ಚುಚ್ಚಿದೆ. ನಡುಭಾಗದ ಪಾರದರ್ಶಕ ಹೊಳಪು ಹೋಗಿತ್ತು, ಪದರ ಪದರವಾಗಿ ಬಿಟ್ಟುಕೊಂಡಿತು. ಅವಳು ಬಟ್ಟಲು ಖಾಲಿ ಮಾಡುವವರೆಗೆ ಮಾತೇ ಆಡಲಿಲ್ಲ. ಬಿಲ್ ₹740.

ಕಾರವಾರದಿಂದ ಅಮ್ಮನ ಫೋನ್: ‘ಸಾಲ್ಮನ್ ಅಂದ್ರೆ ನಮ್ಮ ರಾವಸ್ ಅಲ್ವೇನೋ? ಅದಕ್ಕೆ ಇಷ್ಟು ದುಡ್ಡಾ?’ ಮೆನುಗಳಲ್ಲಿ ರಾವಸ್‌ಗೆ ‘ಇಂಡಿಯನ್ ಸಾಲ್ಮನ್’ ಅಂತ ಬರೆಯುತ್ತಾರೆ, ನಿಜ. ಆದರೆ ಎರಡೂ ಬೇರೆ ಬೇರೆ ಕುಲದ ಮೀನು, ರಾವಸ್‌ನ ಮಾಂಸ ಬೆಳ್ಳಗೆ. ಹಾಗೆ ಹೇಳಿದ್ದಕ್ಕೆ ಅಮ್ಮ, ‘ಬೆಳ್ಳಗಿದ್ರೆ ಏನಾಯ್ತು, ಬರೋ ಭಾನುವಾರ ತರ್ತೀನಿ’ ಅಂದಿದ್ದಾರೆ. ಹೆಂಡತಿ ಈಗಾಗಲೇ ಶ್ರೀರಾಚಾ ಬಾಟಲ್ ತರಿಸಿಟ್ಟಿದ್ದಾಳೆ.