ತೊಟ್ಟಿಯಿಂದ ಹಾರುವ ಮೀನು

ಮುಂಗಾರಿನ ಹೊಸನೀರು ಬಂದೊಡನೆ ಹರಿಹರದ ಬಳಿ ತುಂಗಭದ್ರೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಚಿಮ್ಮುವುವು. ಅಲ್ಲಿ ಹಾರಿದ ಮೀನು ಮರಳಿ ಬೀಳುವುದು ನೀರಿಗೇ. ದಾವಣಗೆರೆಯ ಮನೆಗಳಲ್ಲಿ ಗಾಜಿನ ತೊಟ್ಟಿಯಿಂದ ಹಾರಿದುದು ನೆಲಕ್ಕೆ ಬೀಳುವುದು. ಬೆಳಗ್ಗೆ ಅದನ್ನು ಮೊದಲು ಕಾಣುವವರು ಬಹುಶಃ ಮಕ್ಕಳೇ.

ಇದು ಮೀನಿನ ಹುಚ್ಚೆಂಬ ಮಾತನ್ನು ನಾವು ಒಪ್ಪೆವು. ನೀರು ಕೆಟ್ಟು ಆಮ್ಲಜನಕ ಸಾಲದಾದಾಗಲೂ, ಬಲವಾದ ಮೀನು ಅಟ್ಟಿದಾಗಲೂ ಅದು ಹಾರುವುದು. ನಲ್ಲಿನೀರಿನ ಕ್ಲೋರಿನ್ ಕಿವಿರಿಗೆ ಉರಿ; ಆದುದರಿಂದ ಆ ನೀರನ್ನು ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು, ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗವನ್ನಷ್ಟೇ ಬದಲಿಸತಕ್ಕದ್ದು. ನೀರು ಅಂಚಿಗಿಂತ ಎರಡು ಮೂರು ಅಂಗುಲ ಕೆಳಗಿರಲಿ. ಮೇಲೆ ಜಾಲರಿಯ ಮುಚ್ಚಳವಿರಲಿ. ಗಾಳಿಯಾಡದಂತೆ ಮುಚ್ಚುವುದು ತರವಲ್ಲ. ಗೌರಾಮಿಯಂಥವು ಮೇಲೆ ಬಂದು ಗಾಳಿಯನ್ನೇ ನುಂಗುವುವು. ಮುಚ್ಚಳಕ್ಕೂ ಮೀನು ಬಡಿಯುತ್ತಿದ್ದರೆ ದೋಷ ನೀರಿನಲ್ಲಿರಬಹುದು.

ನೆಲಕ್ಕೆ ಬಿದ್ದುದರ ಕಿವಿರು ಇನ್ನೂ ಆಡುತ್ತಿದ್ದರೆ, ಒದ್ದೆ ಕೈಯಿಂದ ಎತ್ತಿ ಒಡನೆಯೇ ನೀರಿಗೆ ಬಿಡಿರಿ.