ಪಿಕ್ಸೆಲ್‌ನಿಂದ ಅಕ್ಷಾಂಶಕ್ಕೆ: ಗದಗ ಸೀಮೆಯ ನಕ್ಷೆಗಳ ಲೆಕ್ಕ

ಸ್ಕ್ಯಾನ್ ಮಾಡಿದ ನಕ್ಷೆ ಕಂಪ್ಯೂಟರಿನ ಮಟ್ಟಿಗೆ ಬರೀ ಒಂದು ಫೋಟೊ. ಅದರ ಮೇಲೆ ಗದಗ ಎಂದು ಬರೆದಿರಲಿ, ತುಂಗಭದ್ರೆ ನೀಲಿಯಾಗಿ ಹರಿದಿರಲಿ, ಕಂಪ್ಯೂಟರಿಗೆ ಗೊತ್ತಿರುವುದು ಎಡದಿಂದ ಎಷ್ಟನೆಯ ಕಾಲಂ, ಮೇಲಿನಿಂದ ಎಷ್ಟನೆಯ ಸಾಲು, ಅಲ್ಲಿ ಯಾವ ಬಣ್ಣ ಎಂಬಷ್ಟೇ. ಆ ಕಾಲಂ, ಸಾಲುಗಳನ್ನು ರೇಖಾಂಶ, ಅಕ್ಷಾಂಶಗಳಾಗಿ ಬದಲಾಯಿಸುವ ಕೆಲಸಕ್ಕೆ ಜಿಯೊರೆಫರೆನ್ಸಿಂಗ್ ಎಂದು ಹೆಸರು. ಅದಾದ ಮೇಲೆ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ ನೋಡಬಹುದು. ಅದರಲ್ಲಿ ಗುರುತಿಸಿದ ಬಾವಿಯನ್ನು ಮೊಬೈಲ್ ಹಿಡಿದು ಹೊಲದಲ್ಲೇ ಹುಡುಕಬಹುದು.

ಗದಗ ಸೀಮೆಯಲ್ಲಿ ಈ ಕೆಲಸದ ಅಗತ್ಯ ಮೊದಲ ಹೆಜ್ಜೆಗೇ ಕಾಣುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ಕ್ರಮದಲ್ಲಿ 1:50,000 ಪ್ರಮಾಣದ ಪ್ರತಿ ಟೋಪೋ ಶೀಟು ಹದಿನೈದು ಮಿನಿಟು ಅಗಲ, ಹದಿನೈದು ಮಿನಿಟು ಎತ್ತರದ ಚೌಕವನ್ನು ತೋರಿಸುತ್ತದೆ. ಗದಗ-ಬೆಟಗೇರಿ ಇರುವುದು 48 ಎಂ/11ನೇ ಶೀಟಿನಲ್ಲಿ. ಶಿರಹಟ್ಟಿ ಅದರ ಕೆಳಗಿನ 12ರಲ್ಲಿ, ಅದೂ ಮೇಲಂಚಿಗೆ ಹತ್ತಿರದಲ್ಲಿ. ಲಕ್ಷ್ಮೇಶ್ವರ 12ರ ಪಶ್ಚಿಮದ 8ರಲ್ಲಿ, ಮುಂಡರಗಿ ಪೂರ್ವದ 16ರಲ್ಲಿ. ನಾಲ್ಕು ಊರಿಗೆ ನಾಲ್ಕು ಹಾಳೆ. ಗದಗಿನಿಂದ ಶಿರಹಟ್ಟಿಗೆ ಹೋಗುವ ರಸ್ತೆಯನ್ನು ಒಂದೇ ಚಿತ್ರದಲ್ಲಿ ನೋಡಬೇಕೆಂದರೂ ಎರಡು ಹಾಳೆಗಳನ್ನು ಜೋಡಿಸಬೇಕು. ಅಂಚಿಗೆ ಅಂಚು ಅಂಟಿಸಿದರೆ ಕಾಗದದ ಸುಕ್ಕು, ಸ್ಕ್ಯಾನಿನ ಓರೆ ಎಲ್ಲ ಸೇರಿ ರಸ್ತೆ ತುಂಡಾಗುತ್ತದೆ. ಪ್ರತಿ ಪಿಕ್ಸೆಲ್‌ಗೂ ಅದರ ರೇಖಾಂಶ, ಅಕ್ಷಾಂಶ ತಿಳಿದಿದ್ದರೆ ಹಾಳೆಗಳು ತಮ್ಮ ಜಾಗದಲ್ಲಿ ತಾವೇ ಕೂರುತ್ತವೆ.

ಲೆಕ್ಕ ತ್ರೈರಾಶಿಯಷ್ಟೇ ಸರಳ. 48 ಎಂ/11ರ ಎಡಗೆರೆ 75.50 ಡಿಗ್ರಿ, ಬಲಗೆರೆ 75.75 ಡಿಗ್ರಿ ಪೂರ್ವ ರೇಖಾಂಶ, ಮೇಲುಗೆರೆ 15.50, ಕೆಳಗೆರೆ 15.25 ಡಿಗ್ರಿ ಉತ್ತರ ಅಕ್ಷಾಂಶ. 1:50,000 ಪ್ರಮಾಣದ ಈ ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 4.2 ಮೀಟರ್. ಎಡಗೆರೆ 400ನೇ ಕಾಲಂನಲ್ಲಿ, ಬಲಗೆರೆ 6740ರಲ್ಲಿ ಬಿದ್ದಿದೆ ಎಂದುಕೊಂಡರೆ 6340 ಪಿಕ್ಸೆಲ್‌ಗೆ ಕಾಲು ಡಿಗ್ರಿ. ಹಾಗಾದರೆ 3697ನೇ ಕಾಲಂನ ರೇಖಾಂಶ 75.63. ಮೇಲುಗೆರೆ 500ನೇ ಸಾಲಿನಲ್ಲಿ, ಕೆಳಗೆರೆ 7030ರಲ್ಲಿದ್ದರೆ 2329ನೇ ಸಾಲಿನ ಅಕ್ಷಾಂಶ 15.43. ಇವೆರಡೂ ಕೂಡುವಲ್ಲಿ ಗದಗ ನಗರ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯೆಂದರೆ, ಚಿತ್ರದ ಸಾಲುಗಳನ್ನು ಮೇಲಿನಿಂದ ಕೆಳಗೆ ಎಣಿಸುತ್ತಾರೆ, ಅಕ್ಷಾಂಶ ಮಾತ್ರ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆದ್ದರಿಂದ ಸಾಲಿನ ಲೆಕ್ಕದಲ್ಲಿ ಕೂಡುವ ಬದಲು ಕಳೆಯಬೇಕು.

ನಿಜವಾದ ಸ್ಕ್ಯಾನು ಇಷ್ಟು ನೆಟ್ಟಗಿರುವುದಿಲ್ಲ. ಹಾಳೆ ತುಸು ತಿರುಗಿರುತ್ತದೆ, ಒಂದು ದಿಕ್ಕಿಗೆ ಹಿಗ್ಗಿರುತ್ತದೆ. ಆಗ ರೇಖಾಂಶಕ್ಕೆ ಕಾಲಂ ಒಂದೇ ಸಾಲದು, ಸಾಲಿನ ಪಾಲೂ ಬೇಕಾಗುತ್ತದೆ. ರೇಖಾಂಶ = ಅ × ಕಾಲಂ + ಆ × ಸಾಲು + ಇ; ಅಕ್ಷಾಂಶ = ಈ × ಕಾಲಂ + ಉ × ಸಾಲು + ಊ. ಈ ಆರು ಅಂಕಿಗಳ ಪರಿವರ್ತನೆಗೆ ಅಫೈನ್ ಎನ್ನುತ್ತಾರೆ. ಹಾಳೆಯ ಜಾಗ, ಓರೆ, ಹಿಗ್ಗು ಎಲ್ಲವೂ ಈ ಆರರಲ್ಲೇ ಅಡಗಿವೆ. ಪೈಥಾನ್ ಭಾಷೆಯಲ್ಲಿ ಇವನ್ನು ಕಂಡುಹಿಡಿಯಲು ನಮ್‌ಪೈ ಗ್ರಂಥಾಲಯದ ಕನಿಷ್ಠ ವರ್ಗ ವಿಧಾನ ಸಾಕು. ಗೊತ್ತಿರುವ ಬಿಂದುಗಳ ಕಾಲಂ, ಸಾಲುಗಳನ್ನು ಒಂದು ಪಟ್ಟಿಯಲ್ಲಿ, ಅವುಗಳ ರೇಖಾಂಶ, ಅಕ್ಷಾಂಶಗಳನ್ನು ಇನ್ನೊಂದರಲ್ಲಿ ಕೊಟ್ಟರೆ ಆರು ಅಂಕಿಗಳು ಹೊರಬರುತ್ತವೆ. ರಾಸ್ಟೀರಿಯೊ ಎಂಬ ಗ್ರಂಥಾಲಯ ಇದೇ ಕೆಲಸವನ್ನು ಒಂದೇ ಆಜ್ಞೆಯಲ್ಲಿ ಮಾಡುತ್ತದೆ. ಇಡೀ ಪ್ರೋಗ್ರಾಮು ಇಪ್ಪತ್ತು ಸಾಲು ದಾಟುವುದಿಲ್ಲ.

ಕಷ್ಟವಿರುವುದು ಆ ಗೊತ್ತಿರುವ ಬಿಂದುಗಳನ್ನು ಆರಿಸುವುದರಲ್ಲಿ. ಅಫೈನ್‌ಗೆ ಮೂರು ಬಿಂದು ಸಾಕೆಂದು ಗಣಿತ ಹೇಳುತ್ತದೆ. ಆದರೆ ಮೂರೇ ಕೊಟ್ಟರೆ ಉತ್ತರ ಆ ಮೂರಕ್ಕೂ ಸರಿಯಾಗಿ ಹೊಂದಿಕೊಂಡು, ದೋಷ ಸೊನ್ನೆ ಎಂದು ತೋರುತ್ತದೆ. ಅವುಗಳಲ್ಲಿ ಒಂದು ಅರ್ಧ ಕಿಲೋಮೀಟರ್ ತಪ್ಪಿದ್ದರೂ ಸೊನ್ನೆಯೇ. ಆರೇಳು ಬಿಂದುಗಳಾದರೂ ಬೇಕು. ಅವು ಹಾಳೆಯ ನಾಲ್ಕೂ ಮೂಲೆಗೆ ಹರಡಿರಬೇಕು. ಜೊತೆಗೆ ಲೆಕ್ಕಕ್ಕೆ ಸೇರಿಸದ ಒಂದೆರಡು ಬಿಂದುಗಳನ್ನು ಪರೀಕ್ಷೆಗೆಂದು ಎತ್ತಿಟ್ಟಿರಬೇಕು. ಟೋಪೋ ಶೀಟಿನಲ್ಲಿ ಚೌಕಟ್ಟಿನ ಮೂಲೆಗಳು ಸಿದ್ಧವಾಗಿರುತ್ತವೆ. ಊರಿನ ಕಂದಾಯ ನಕ್ಷೆಗಳಲ್ಲಿ ಅಕ್ಷಾಂಶದ ಗುರುತೇ ಇರುವುದಿಲ್ಲ. ಅಲ್ಲಿ ನೆಲದ ಮೇಲಿನ ಸ್ಥಿರ ಗುರುತುಗಳನ್ನೇ ನೆಚ್ಚಬೇಕು.

ಯಾವುದು ಸ್ಥಿರ ಎಂಬುದನ್ನು ಊರು ಬಲ್ಲವರೇ ಹೇಳಬಲ್ಲರು. ಗದಗಿನ ತ್ರಿಕೂಟೇಶ್ವರ ಮತ್ತು ವೀರನಾರಾಯಣ ಗುಡಿಗಳು, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ, ಶಿರಹಟ್ಟಿಯ ಫಕೀರೇಶ್ವರ ಮಠ ಇವು ಶತಮಾನಗಳಿಂದ ಇದ್ದಲ್ಲೇ ಇವೆ. ಹಳ್ಳಿಯಲ್ಲಾದರೆ ಅಗಸಿ, ಹನುಮಪ್ಪನ ಗುಡಿ, ಮೂರು ಊರಿನ ಗಡಿ ಕೂಡುವಲ್ಲಿ ನೆಟ್ಟ ಬಾಂದುಕಲ್ಲು ನಂಬಲರ್ಹ. ಎರಿ ಹೊಲಗಳ ನಡುವಿನ ಹಳ್ಳ ಒಂದೆರಡು ದೊಡ್ಡ ಮಳೆಗೆ ಪಾತ್ರ ಬದಲಿಸುತ್ತದೆ, ಅದನ್ನು ನೆಚ್ಚಬಾರದು. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತ ಮೇಲೆ ತುಂಗಭದ್ರೆಯ ದಂಡೆಯೇ ಬೇರೆಯಾಗಿದೆ. ಹಳೆಯ ಹಾಳೆಯ ದಂಡೆಯನ್ನು ಇಂದಿನ ಉಪಗ್ರಹ ಚಿತ್ರದ ದಂಡೆಗೆ ಹೊಂದಿಸಿದರೆ ಆ ಭಾಗದ ಹಳ್ಳಿಗಳೆಲ್ಲ ಜಾಗ ತಪ್ಪುತ್ತವೆ. ಇಂಥ ತಪ್ಪನ್ನು ಯಾವ ಗ್ರಂಥಾಲಯವೂ ತಾನಾಗಿ ಹಿಡಿಯಲಾರದು.

ಕಂದಾಯ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920, ಅಂದರೆ ಮೈಲಿಗೆ ಎಂಟು ಇಂಚು. ಇಂಚಿಗೆ 300 ಪಿಕ್ಸೆಲ್‌ನ ಸ್ಕ್ಯಾನಿನಲ್ಲಿ ಇಲ್ಲಿ ಒಂದು ಪಿಕ್ಸೆಲ್ ಸುಮಾರು 67 ಸೆಂಟಿಮೀಟರ್. ಒಂದು ಗುಂಟೆಯ 33 ಅಡಿ ಬದಿಗೆ ಹದಿನೈದು ಪಿಕ್ಸೆಲ್. ಮಡಿಕೆ ಬಿದ್ದ, ಬಟ್ಟೆಗೆ ಅಂಟಿಸಿದ ನಕ್ಷೆ ಒಂದೊಂದು ಕಡೆ ಒಂದೊಂದು ಬಗೆಯಾಗಿ ಹಿಗ್ಗಿರುವುದರಿಂದ ಅಫೈನ್ ಸಾಲದಾಗಿ, ಬಾಗುವ ಪರಿವರ್ತನೆಗಳು ಬೇಕಾಗುತ್ತವೆ. ಹೀಗೆ ಜಾಗಕ್ಕೆ ಕೂರಿಸಿದ ಕಂದಾಯ ನಕ್ಷೆಗಳೇ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪಿಗೆ ಆಧಾರ. ಹೊಲದಲ್ಲಿ ನಿಂತವರಿಗೆ ಅದು ಕಾಲಡಿಯ ಸರ್ವೆ ನಂಬರ್ ಹೇಳುತ್ತದೆ. ಬದುವಿನ ತಕರಾರು ತೀರಿಸಲು ಮಾತ್ರ ಭೂಮಾಪಕರ ಅಳತೆಯೇ ಬೇಕು.

ಇನ್ನೊಂದು ತೊಡಕು ಭೂಮಿಯ ಆಕಾರದ್ದು. ಹಳೆಯ ಟೋಪೋ ಶೀಟುಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಅಂಡಗೋಲವನ್ನು, ಮಧ್ಯಪ್ರದೇಶದ ಕಲ್ಯಾಣಪುರದ ಮೂಲಬಿಂದುವನ್ನು ಆಧರಿಸಿವೆ. ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯನ್ನು. ಎವರೆಸ್ಟರ ಭೂಮಿಯ ತ್ರಿಜ್ಯ ಇದಕ್ಕಿಂತ ಎಂಟುನೂರು ಮೀಟರಿಗೂ ಹೆಚ್ಚು ಚಿಕ್ಕದು, ಕೇಂದ್ರವೂ ಬೇರೆ. ಹೀಗಾಗಿ ಹಳೆಯ ಹಾಳೆಯಲ್ಲಿ ಓದಿದ ಅಕ್ಷಾಂಶ, ರೇಖಾಂಶಗಳನ್ನು ನೇರವಾಗಿ ಮೊಬೈಲಿಗೆ ಹಾಕಿದರೆ ಗದಗ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಪೈಪ್ರೊಜ್ ಗ್ರಂಥಾಲಯಕ್ಕೆ ಮೂಲ ಕಲ್ಯಾಣಪುರ, ಗುರಿ ಡಬ್ಲ್ಯುಜಿಎಸ್ 84 ಎಂದು ತಿಳಿಸಿದರೆ ಅಂತರವನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ಹೊಸ ಸರಣಿಯ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಆದ್ದರಿಂದ ಹಾಳೆಯ ಅಂಚಿನ ಬರಹ ಓದದೆ ಕೆಲಸ ಶುರುಮಾಡಬಾರದು.

ಅಂತರಜಾಲದ ನಕ್ಷೆಯಿಂದ ತೆಗೆದ ಸ್ಕ್ರೀನ್‌ಶಾಟಿನಲ್ಲಿ ತೊಡಕು ಬೇರೆ. ಆ ನಕ್ಷೆಗಳು ಮರ್ಕೇಟರ್ ವಿನ್ಯಾಸದವು. ಉತ್ತರಕ್ಕೆ ಹೋದಂತೆ ಅಕ್ಷಾಂಶಗಳ ನಡುವಿನ ಅಂತರ ಹಿಗ್ಗುತ್ತದೆ. ಗದಗ ಜಿಲ್ಲೆಯಷ್ಟು ಪ್ರದೇಶಕ್ಕೆ ತ್ರೈರಾಶಿ ಹಾಕಿದರೆ ಕೆಲವು ಹತ್ತು ಮೀಟರ್ ಮಾತ್ರ ತಪ್ಪೀತು. ಇಡೀ ಕರ್ನಾಟಕದ ಚಿತ್ರಕ್ಕೆ ಅದನ್ನೇ ಹಾಕಿದರೆ ನಡುಭಾಗದಲ್ಲಿ ಸುಮಾರು 3 ಕಿಲೋಮೀಟರ್ ತಪ್ಪುತ್ತದೆ.

ಅಂಕಿಗಳ ಕ್ರಮವೂ ಎಚ್ಚರ ಬೇಡುತ್ತದೆ. ಮಾತಿನಲ್ಲಿ ಅಕ್ಷಾಂಶ ಮೊದಲು, ಚಿತ್ರದ ಲೆಕ್ಕದಲ್ಲಿ ರೇಖಾಂಶ ಮೊದಲು. ಗದಗಿನ ಎರಡು ಅಂಕಿಗಳು ಅದಲುಬದಲಾದರೆ ಊರು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರದಲ್ಲಿ ಬೀಳುತ್ತದೆ. ವರ್ಲ್ಡ್ ಫೈಲ್ ಎಂಬ ಪುಟ್ಟ ಪಠ್ಯ ಕಡತದಲ್ಲಿ ಅಫೈನ್‌ನ ಆರು ಅಂಕಿಗಳನ್ನು ಅ, ಈ, ಆ, ಉ, ಇ, ಊ ಎಂಬ ಕ್ರಮದಲ್ಲಿ ಬರೆಯಬೇಕು. ಅದು ಮೊದಲ ಪಿಕ್ಸೆಲ್‌ನ ನಡುವಿನಿಂದ ಅಳೆಯುತ್ತದೆ, ರಾಸ್ಟೀರಿಯೊ ಅದರ ಮೂಲೆಯಿಂದ. ಅರ್ಧ ಪಿಕ್ಸೆಲ್ ವ್ಯತ್ಯಾಸ ಟೋಪೋ ಶೀಟಿನಲ್ಲಿ ಎರಡು ಮೀಟರ್.

ಈ ಲೆಕ್ಕ ಈ ಸೀಮೆಯ ಚರಿತ್ರೆಗೂ ಬೇಕು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರುವವರೆಗೆ ಶಿರಹಟ್ಟಿ ಸಾಂಗ್ಲಿಗೆ, ಲಕ್ಷ್ಮೇಶ್ವರ ಮೀರಜಿಗೆ ಸೇರಿದ್ದವು. ಗದಗ, ಮುಂಡರಗಿ ಬ್ರಿಟಿಷ್ ಧಾರವಾಡ ಜಿಲ್ಲೆಯಲ್ಲಿದ್ದವು. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಸಂಸ್ಥಾನಗಳ ಕಾಲದ ನಕ್ಷೆಯನ್ನು ಜಾಗಕ್ಕೆ ಕೂರಿಸಿದರೆ ಯಾವ ಹಳ್ಳಿ ಯಾವ ಸಂಸ್ಥಾನದಲ್ಲಿತ್ತು, ಗಡಿ ಯಾವ ಹೊಲದ ನಡುವೆ ಹಾದಿತ್ತು ಎಂಬುದು ಇಂದಿನ ನೆಲದ ಮೇಲೆ ಕಾಣುತ್ತದೆ.

ಕೊನೆಯಲ್ಲಿ ಎತ್ತಿಟ್ಟ ಪರೀಕ್ಷಾ ಬಿಂದುಗಳನ್ನು ಲೆಕ್ಕಕ್ಕೆ ಕೊಟ್ಟು ಎಷ್ಟು ಮೀಟರ್ ತಪ್ಪಿತೆಂದು ನೋಡಬೇಕು. 1:50,000 ಹಾಳೆಯಲ್ಲಿ ಇಪ್ಪತ್ತು, ಮೂವತ್ತು ಮೀಟರಿನೊಳಗಿದ್ದರೆ ಒಪ್ಪಬಹುದು; ಒಂದೇ ಬಿಂದು ನೂರು ಮೀಟರ್ ತಪ್ಪಿದ್ದರೆ ಅದನ್ನು ಗುರುತಿಸಿದ್ದರಲ್ಲೇ ಎಡವಟ್ಟಾಗಿರುತ್ತದೆ. ಸರಿಹೋದ ಚಿತ್ರವನ್ನು ಜಿಯೊಟಿಫ್ ಕಡತವಾಗಿ ಉಳಿಸಿದರೆ ಆರು ಅಂಕಿಗಳೂ ಭೂಮಿಯ ಆಕಾರದ ಹೆಸರೂ ಚಿತ್ರದೊಳಗೇ ಸೇರಿಕೊಳ್ಳುತ್ತವೆ.