ದರಕ್ಕಿಂತ ತಾರೀಖು ದುಬಾರಿ: ಕೆನಡಾ–ಅಮೆರಿಕ ಗಡಿ ದಾಟುವವರ ತೆರಿಗೆ ಲೆಕ್ಕ

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರು ಬಂದು ಕೆಲಸ ಹುಡುಕಿಕೊಳ್ಳಲಿ ಎಂದು ಕೆನಡಾ 2023ರ ಜುಲೈ 16ರಂದು ಅರ್ಜಿ ಕರೆಯಿತು. ಗರಿಷ್ಠ ಮೂರು ವರ್ಷದ ಪರವಾನಗಿ, 10,000 ಅರ್ಜಿಗಳ ಮಿತಿ. ಮರುದಿನವೇ ಮಿತಿ ತುಂಬಿಹೋಯಿತು. ಇದು ದಕ್ಷಿಣದಿಂದ ಉತ್ತರಕ್ಕೆ ಹೋದವರ ಮಾತು. ಟೊರಾಂಟೊ, ಮಿಸಿಸಾಗದಲ್ಲಿ ಕೆಲವು ವರ್ಷ ಇದ್ದು, ಪೌರತ್ವ ಪಡೆದು, ವೃತ್ತಿಪರರಿಗೆ ಸಿಗುವ ಟಿಎನ್ ಅನುಮತಿ ಹಿಡಿದು ಸಿಯಾಟಲ್ಲಿಗೋ ಡೆಟ್ರಾಯ್ಟಿಗೋ ಇಳಿಯುವವರ ಸಾಲು ಅದಕ್ಕಿಂತ ಹಳೆಯದು. ಎರಡೂ ಸಾಲಿನಲ್ಲಿ ಕನ್ನಡಿಗರಿದ್ದಾರೆ, ಅವರಲ್ಲಿ ಅನೇಕರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಸೈಟಿದೆ. 8,891 ಕಿಲೋಮೀಟರ್ ಉದ್ದದ ಆ ಗಡಿಯನ್ನು ದಾಟುವಾಗ ದೊಡ್ಡ ಬಿಲ್ಲು ಬರುವುದು ಸಾಮಾನ್ಯವಾಗಿ ಆ ಸೈಟಿನ ದೆಸೆಯಿಂದ.

ಹೊರಡುವ ಮುಂಚೆ ಎಲ್ಲರೂ ನೋಡುವುದು ದರಪಟ್ಟಿ. 2025ರ ಲೆಕ್ಕದಲ್ಲಿ ಒಂಟಾರಿಯೊದಲ್ಲಿ ಕೇಂದ್ರ ಮತ್ತು ಪ್ರಾಂತ್ಯದ ತೆರಿಗೆ ಸೇರಿ ಮೇಲ್ಮಟ್ಟದ ದರ 53.53%. ಅದು 2,53,414 ಕೆನಡಾ ಡಾಲರ್ ದಾಟಿದ ಆದಾಯಕ್ಕೇ ಶುರು. ಅಮೆರಿಕದ ಕೇಂದ್ರ ತೆರಿಗೆಯ ಮೇಲ್ಮಟ್ಟ 37%, ಒಂಟಿ ವ್ಯಕ್ತಿಗೆ ಅದು ಶುರುವಾಗುವುದು 6,26,350 ಅಮೆರಿಕನ್ ಡಾಲರ್ ಆದ ಮೇಲೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆ ಇಲ್ಲ. ಮಿಶಿಗನ್ನಿನಲ್ಲಿ 4.25%. ಕ್ಯಾಲಿಫೋರ್ನಿಯಾದಲ್ಲಿ ಏರುತ್ತ ಹೋಗಿ 13.3% ಮುಟ್ಟುತ್ತದೆ.

ಅಮೆರಿಕ ಅಗ್ಗ ಅನ್ನಿಸುತ್ತದೆ. ಆದರೆ ಸಂಬಳದ ಚೀಟಿಯ ಇನ್ನೊಂದು ಸಾಲನ್ನೂ ನೋಡಬೇಕು. ಕೆನಡಾದಲ್ಲಿ ಪಿಂಚಣಿ ಯೋಜನೆ ಮತ್ತು ನಿರುದ್ಯೋಗ ವಿಮೆ ಸೇರಿ 2025ರಲ್ಲಿ ನೌಕರನ ಕೈಯಿಂದ ಹೋಗುವುದು ಹೆಚ್ಚೆಂದರೆ 5,507.58 ಕೆನಡಾ ಡಾಲರ್. ಅಮೆರಿಕದಲ್ಲಿ ಅದೇ ವರ್ಷ ಸೋಷಿಯಲ್ ಸೆಕ್ಯುರಿಟಿಗೆ 1,76,100 ಡಾಲರ್‌ವರೆಗಿನ ಸಂಬಳದ 6.2%, ಅಂದರೆ 10,918.20 ಅಮೆರಿಕನ್ ಡಾಲರ್ ತನಕ. ಅದರ ಮೇಲೆ ಮೆಡಿಕೇರ್‌ಗೆ ಮಿತಿಯೇ ಇಲ್ಲದ 1.45%. ಆರೋಗ್ಯ ವಿಮೆಯ ಕಂತು ಬೇರೆ. 1984ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಒಪ್ಪಂದದಿಂದಾಗಿ ಎರಡೂ ಕಡೆಯ ದುಡಿಮೆಯ ವರ್ಷಗಳನ್ನು ಕೂಡಿಸಿ ಪಿಂಚಣಿಯ ಅರ್ಹತೆ ಎಣಿಸಬಹುದು ಎನ್ನುವುದು ಸಮಾಧಾನ. ಭಾರತಕ್ಕೆ ಕೆನಡಾದ ಜೊತೆ ಇಂಥ ಒಪ್ಪಂದ 2015ರಿಂದ ಇದೆ. ಅಮೆರಿಕದ ಜೊತೆ ಇಲ್ಲ.

ಇವೆಲ್ಲ ಗಡಿ ದಾಟಿದ ಮೇಲಿನ ಖರ್ಚು. ದಾಟುವ ದಿನದ ಖರ್ಚು ಬೇರೆಯೇ ಇದೆ.

ತೆರಿಗೆಯ ಮಟ್ಟಿಗೆ ನೀವು ಕೆನಡಾ ಬಿಟ್ಟ ದಿನ, ನಿಮ್ಮ ಆಸ್ತಿಯನ್ನೆಲ್ಲ ಅಂದಿನ ಮಾರುಕಟ್ಟೆ ಬೆಲೆಗೆ ಮಾರಿದಿರಿ ಎಂದೇ ಕಾನೂನು ಭಾವಿಸುತ್ತದೆ. ಯಾರೂ ಕೊಂಡಿಲ್ಲ, ನಯಾಪೈಸೆ ಕೈಗೆ ಬಂದಿಲ್ಲ, ಆದರೂ ಲಾಭಕ್ಕೆ ತೆರಿಗೆ. ಕೆನಡಾದೊಳಗಿನ ಮನೆ-ಜಮೀನು, ನಿವೃತ್ತಿ ಉಳಿತಾಯದ ಆರ್‌ಆರ್‌ಎಸ್‌ಪಿ, ತೆರಿಗೆರಹಿತ ಉಳಿತಾಯದ ಟಿಎಫ್‌ಎಸ್‌ಎ ಖಾತೆಗಳು ಇದರಿಂದ ಹೊರಗೆ. ಬೆಂಗಳೂರಿನ ಸೈಟು ಒಳಗೆ. ವಿಚಿತ್ರವೆಂದರೆ ವಿಚಿತ್ರವೇ: ಕೆನಡಾದ ಮನೆಗೆ ವಿನಾಯಿತಿ, ಕೆನಡಾ ಕಣ್ಣಿಂದಲೂ ಕಾಣದ ಸೈಟಿಗೆ ತೆರಿಗೆ. ಇಲ್ಲಿನ ಮನೆ ಓಡಿಹೋಗುವುದಿಲ್ಲ, ಮುಂದೆ ಮಾರಿದಾಗ ಹಿಡಿಯಬಹುದು ಎನ್ನುವುದು ಸರ್ಕಾರದ ಎಣಿಕೆ.

ಅಂಕಿ ಹಾಕಿ ನೋಡೋಣ. ಒಬ್ಬಾತ 2017ರಲ್ಲಿ ಟೊರಾಂಟೊಕ್ಕೆ ಬಂದ ಎಂದಿಟ್ಟುಕೊಳ್ಳಿ. ಆಗ ಅವನ ಸೈಟಿನ ಬೆಲೆ 60 ಲಕ್ಷ ರೂಪಾಯಿ. ಬಂದ ದಿನದ ಬೆಲೆಯೇ ಕೆನಡಾದ ಲೆಕ್ಕದಲ್ಲಿ ಅವನ ಅಸಲು. ತಂದೆಯ ಕಾಲದಲ್ಲಿ ಎಷ್ಟಕ್ಕೆ ಕೊಂಡಿದ್ದರು ಎನ್ನುವುದು ಲೆಕ್ಕಕ್ಕಿಲ್ಲ. ಡಾಲರಿಗೆ 50 ರೂಪಾಯಿಯಂತೆ ಅದು 1,20,000 ಕೆನಡಾ ಡಾಲರ್. 2025ರ ಕೊನೆಗೆ ಹೊರಟಾಗ ಬೆಲೆ 1.2 ಕೋಟಿ, 60 ರೂಪಾಯಿಯಂತೆ 2,00,000 ಡಾಲರ್. ರೂಪಾಯಿಯಲ್ಲಿ ದುಪ್ಪಟ್ಟಾದದ್ದು ಡಾಲರಿನಲ್ಲಿ ಮೂರನೇ ಎರಡರಷ್ಟು ಮಾತ್ರ ಏರಿದೆ. ರೂಪಾಯಿ ಇಳಿದದ್ದು ಇಲ್ಲೊಂದು ಕಡೆ ಉಪಕಾರವಾಯಿತು. ಲಾಭ 80,000. ಅದರಲ್ಲಿ ಅರ್ಧಕ್ಕೆ, ಅಂದರೆ 40,000ಕ್ಕೆ ತೆರಿಗೆ. ಈ ಅರ್ಧವನ್ನು ಮೂರನೇ ಎರಡಕ್ಕೆ ಏರಿಸುವ ಪ್ರಸ್ತಾವ 2024ರಲ್ಲಿ ಬಂದಿತ್ತು, 2025ರ ಮಾರ್ಚಿನಲ್ಲಿ ಸರ್ಕಾರವೇ ಕೈಬಿಟ್ಟಿತು.

ಆ ವರ್ಷ ಅವನ ತೆರಿಗೆಗೊಳಪಡುವ ಸಂಬಳ 1,30,000 ಡಾಲರ್ ಇದ್ದರೆ, ಈ 40,000 ಅದರ ಮೇಲೆ ಕೂರುತ್ತದೆ. ಮೊದಲ 20,000ಕ್ಕೆ 43.41%, ಮುಂದಿನ 20,000ಕ್ಕೆ 44.97%. ಒಟ್ಟು 17,676 ಡಾಲರ್, ಸುಮಾರು ಹತ್ತೂವರೆ ಲಕ್ಷ ರೂಪಾಯಿ.

ಅದೇ ಮನುಷ್ಯ ಡಿಸೆಂಬರ್ ಬದಲು ಏಪ್ರಿಲ್ ಕೊನೆಗೆ ಹೊರಟಿದ್ದರೆ? ಕೆನಡಾದಲ್ಲಿ ಆ ವರ್ಷದ ಸಂಬಳ ನಾಲ್ಕೇ ತಿಂಗಳದ್ದು, 43,333 ಡಾಲರ್. ಸೈಟಿನ ಲಾಭ ಅದೇ ಇದ್ದರೂ ಕೆಳಗಿನ ಮೆಟ್ಟಿಲುಗಳಲ್ಲಿ ಕೂರುತ್ತದೆ; ತೆರಿಗೆ ಸುಮಾರು 10,600ಕ್ಕೆ ಇಳಿಯುತ್ತದೆ. ಎಂಟು ತಿಂಗಳ ಹಿಂದುಮುಂದಿಗೆ 7,000 ಡಾಲರ್ ವ್ಯತ್ಯಾಸ.

ಇದಕ್ಕಿಂತ ದೊಡ್ಡ ತಾರೀಖು ಇನ್ನೊಂದಿದೆ. ಹೊರಡುವ ಹಿಂದಿನ ಹತ್ತು ವರ್ಷಗಳಲ್ಲಿ ಕೆನಡಾದ ನಿವಾಸಿಯಾಗಿದ್ದದ್ದು 60 ತಿಂಗಳು ಅಥವಾ ಅದಕ್ಕಿಂತ ಕಡಿಮೆಯಾದರೆ, ಬರುವ ಮುಂಚೆಯೇ ಇದ್ದ ಆಸ್ತಿಗೆ, ಬಂದ ಮೇಲೆ ಪಿತ್ರಾರ್ಜಿತವಾಗಿ ಸಿಕ್ಕ ಆಸ್ತಿಗೆ ಈ ತೆರಿಗೆಯೇ ಇಲ್ಲ. ನಮ್ಮ ಉದಾಹರಣೆಯವನು ಐದು ವರ್ಷದೊಳಗೆ ಹೊರಟಿದ್ದರೆ ಸೈಟಿಗೆ ಸೊನ್ನೆ. 61ನೇ ತಿಂಗಳಿಗೆ ಕಾಲಿಟ್ಟರೆ ಬಂದ ದಿನದಿಂದ ಬೆಳೆದ ಲಾಭವೆಲ್ಲ ಲೆಕ್ಕಕ್ಕೆ. ಕೆನಡಾದ ಸಂಬಳದಲ್ಲಿ ಕೊಂಡ ಯಲಹಂಕದ ಫ್ಲಾಟಿಗೆ ಮಾತ್ರ ಈ ರಿಯಾಯಿತಿ ಸಿಗದು. ಕೆಲಸ ಬದಲಿಸುವ ತರಾತುರಿಯಲ್ಲಿ ಈ 60 ತಿಂಗಳನ್ನು ಎಣಿಸದವರೇ ಹೆಚ್ಚು, ಇಡೀ ಲೆಕ್ಕದಲ್ಲಿ ಅತಿ ಬೆಲೆಯ ಅಂಕಿ ಇದೇ ಎಂಬುದು ನನ್ನ ಅಭಿಪ್ರಾಯ.

ತೆರಿಗೆ ಬಂದರೂ ತಕ್ಷಣ ಕಟ್ಟಲೇಬೇಕಿಲ್ಲ. ಟಿ1244 ಎಂಬ ನಮೂನೆ ಸಲ್ಲಿಸಿದರೆ ಸೈಟು ನಿಜವಾಗಿ ಮಾರುವ ತನಕ ಬಡ್ಡಿಯಿಲ್ಲದೆ ಮುಂದೂಡಬಹುದು. ಕೇಂದ್ರ ತೆರಿಗೆಯ ಪಾಲು 16,500 ಡಾಲರ್ ದಾಟಿದರೆ ಮಾತ್ರ ಜಾಮೀನು ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಆ ಪಾಲು 10,400; ಜಾಮೀನು ಬೇಕಿಲ್ಲ. ಇದರ ಜೊತೆಗೆ ಟಿ1161 ಎಂಬ ಆಸ್ತಿ ಪಟ್ಟಿಯೂ ಇದೆ. ಆಸ್ತಿ 25,000 ಡಾಲರ್ ಮೀರಿದವರು, ತೆರಿಗೆ ಇಲ್ಲದಿದ್ದರೂ, ಇದನ್ನು ಕೊಡಲೇಬೇಕು. ತಡವಾದರೆ ದಿನಕ್ಕೆ 25 ಡಾಲರ್ ದಂಡ, ಕನಿಷ್ಠ 100, ಗರಿಷ್ಠ 2,500.

ಆಮೇಲೆ ಅಮೆರಿಕದ ಸರದಿ. ಆ ದೇಶ ಸೈಟಿನ ಅಸಲನ್ನು ನೋಡುವುದು ಮೊದಲು ಕೊಂಡ ಬೆಲೆಯಲ್ಲಿ. ಕೆನಡಾಕ್ಕೆ ಒಮ್ಮೆ ತೆರಿಗೆ ಕಟ್ಟಿದ ಲಾಭಕ್ಕೆ ಮತ್ತೆ ಕಟ್ಟಬಾರದೆಂದರೆ, ಎರಡು ದೇಶಗಳ ತೆರಿಗೆ ಒಪ್ಪಂದದ 13ನೇ ವಿಧಿಯ 7ನೇ ಉಪವಿಧಿಯಡಿ, ಹೊರಟ ದಿನವೇ ಮಾರಿ ಮತ್ತೆ ಕೊಂಡೆ ಎಂದು ಅಮೆರಿಕಕ್ಕೂ ಬರೆದು ತಿಳಿಸಬೇಕು. ಕೇಳಿದವರಿಗಷ್ಟೇ ಸಿಗುವ ಸೌಲಭ್ಯ ಇದು. ಮುಂದೆ ನಿಜವಾಗಿ ಮಾರಿದಾಗ ಭಾರತದಲ್ಲಿ 12.5% ದೀರ್ಘಾವಧಿ ಲಾಭದ ತೆರಿಗೆ, ಮೇಲೆ ಸೆಸ್. 2024ರ ಜುಲೈ 23ರಿಂದ ಅನಿವಾಸಿಗಳಿಗೆ ಹಣದುಬ್ಬರದ ಹೊಂದಾಣಿಕೆಯೂ ಇಲ್ಲ.

ದಿನಗಳ ಎಣಿಕೆ ಅಮೆರಿಕದ ಕಡೆಯೂ ಇದೆ. ಈ ವರ್ಷ ಅಲ್ಲಿದ್ದ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೇ ಒಂದು, ಅದರ ಹಿಂದಿನದರ ಆರನೇ ಒಂದು, ಮೂರನ್ನೂ ಕೂಡಿಸಿ 183 ಮುಟ್ಟಿದರೆ ನೀವು ಅಲ್ಲಿನ ತೆರಿಗೆ ನಿವಾಸಿ. ಪ್ರತಿ ವರ್ಷ 121 ದಿನ ಇದ್ದವರಿಗೆ 181.5, ಪಾರು. 122 ದಿನ ಇದ್ದವರಿಗೆ ಸರಿಯಾಗಿ 183, ಸಿಕ್ಕಿಬಿದ್ದರು. ಮೊದಲ ಬಾರಿ ಹೋಗುವವರು ಜುಲೈ 2ರಂದು ಕಾಲಿಟ್ಟು ವರ್ಷಾಂತ್ಯದವರೆಗೂ ಅಲ್ಲೇ ಇದ್ದರೆ 183 ದಿನ. ಜುಲೈ 3ರಂದಾದರೆ 182. ವಿಂಡ್ಸರ್‌ನಲ್ಲಿ ಮನೆ ಮಾಡಿ ದಿನವೂ ಡೆಟ್ರಾಯ್ಟಿನ ಆಸ್ಪತ್ರೆಗಳಿಗೆ ಹೋಗಿಬರುವ ನರ್ಸುಗಳ ಕೆಲಸದ ದಿನಗಳು ಈ ಎಣಿಕೆಗೆ ಸೇರುವುದಿಲ್ಲ. ಸಂಬಳಕ್ಕೆ ಅಮೆರಿಕದ ತೆರಿಗೆ ಕಟ್ಟಿ, ಕೆನಡಾದಲ್ಲಿ ಅದನ್ನು ವಜಾ ಮಾಡಿಸಿಕೊಳ್ಳುತ್ತಾರೆ.

ಉಳಿತಾಯದ ಖಾತೆಗಳಲ್ಲಿ ಆರ್‌ಆರ್‌ಎಸ್‌ಪಿಗೆ ಒಪ್ಪಂದದ ರಕ್ಷಣೆ ಇದೆ. ಹೊರಡುವ ಮುನ್ನ ಆ ಖಾತೆಯ 80,000 ಡಾಲರನ್ನು ಬಿಡಿಸಿಕೊಂಡರೆ ಅದು ಸಂಬಳದ ಮೇಲೆ ಕೂತು 43%ಗೂ ಹೆಚ್ಚು ಹೋಗಬಹುದು. ಅನಿವಾಸಿಯಾದ ಮೇಲೆ ಒಟ್ಟಿಗೆ ತೆಗೆದರೆ ಕೆನಡಾ ಹಿಡಿಯುವುದು 25%, ಅಂದರೆ 20,000. ಕ್ಯಾಲಿಫೋರ್ನಿಯಾ ಮಾತ್ರ ಈ ಒಪ್ಪಂದಕ್ಕೆ ತಲೆಬಾಗದೆ ಖಾತೆಯ ಗಳಿಕೆಗೆ ವರ್ಷವರ್ಷವೂ ತೆರಿಗೆ ಕೇಳುತ್ತದೆ. ಟಿಎಫ್‌ಎಸ್‌ಎಯ ಪಾಡು ಕೆಟ್ಟದ್ದು. 2017ರಿಂದ 2025ರವರೆಗೆ ತಪ್ಪದೆ ತುಂಬಿದವರ ಖಾತೆಯಲ್ಲಿ 55,500 ಡಾಲರ್ ಅಸಲು ಇರುತ್ತದೆ. ಅದರ ಗಳಿಕೆಗೆ ಕೆನಡಾದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಒಳಗೆ ಮ್ಯೂಚುವಲ್ ಫಂಡ್ ಇದ್ದರೆ ಲೆಕ್ಕ ಬರೆಯುವ ಅಕೌಂಟೆಂಟರ ಶುಲ್ಕವೇ ಗಳಿಕೆಯನ್ನು ತಿನ್ನಬಹುದು. ಹೊರಡುವ ಮುಂಚೆ ಮುಚ್ಚುವುದೇ ಲೇಸು.

ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಅಮೆರಿಕನ್ ಡಾಲರ್ ದಾಟಿದರೆ ಅಮೆರಿಕಕ್ಕೆ ಎಫ್‌ಬಿಎಆರ್ ವರದಿ ಕೊಡಬೇಕು. ಟೊರಾಂಟೊದ ಉಳಿತಾಯ ಖಾತೆ, ಜಯನಗರದ ಬ್ಯಾಂಕಿನ ಎನ್‌ಆರ್‌ಒ ಠೇವಣಿ, ಎಲ್ಲವೂ ಸೇರಿ.

ಈ ವರ್ಷ ಕೆನಡಾಕ್ಕೆ ಬಂದಿಳಿದವರಿಗೆ ಒಂದು ಮಾತು. ಬಂದ ದಿನಕ್ಕೆ ಊರಿನ ಸೈಟಿನ ಬೆಲೆ ಎಷ್ಟಿತ್ತೆಂದು ನೋಂದಾಯಿತ ಮೌಲ್ಯಮಾಪಕರಿಂದ ಈಗಲೇ ವರದಿ ಮಾಡಿಸಿಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಸಾಲದು; ಕಾನೂನು ಕೇಳುವುದು ಮಾರುಕಟ್ಟೆ ಬೆಲೆ. ಮೇಲಿನ ಉದಾಹರಣೆಯಲ್ಲಿ 60 ಲಕ್ಷದ ಬದಲು ಮಾರ್ಗಸೂಚಿಯ 40 ಲಕ್ಷವನ್ನೇ ಅಸಲೆಂದು ತೋರಿಸಿದ್ದರೆ ತೆರಿಗೆ 9,000 ಡಾಲರಿಗೂ ಹೆಚ್ಚು ಏರುತ್ತಿತ್ತು. ಎಂಟು ವರ್ಷ ಕಳೆದ ಮೇಲೆ ಹಳೆಯ ಬೆಲೆಗೆ ಪುರಾವೆ ಹುಡುಕುವುದು ಬಹಳ ಕಷ್ಟ.